ದುಡ್ಡು ಕಟ್ ಆಯ್ತು, ಸ್ಪೀಕರ್ ಬಾಕ್ಸ್ ಮಾತಾಡಲಿಲ್ಲ: ಒಂದು ಆ್ಯಪ್‌ನ ಮೂರು ಪದರಗಳ ಒಳಗೆ ಏನಾಗುತ್ತೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಇದ್ದೀರಿ ಅಂದ್ಕೊಳ್ತೀನಿ. ಹಾಗಿದ್ರೆ ಈಗ ಹೇಳೋ ಸನ್ನಿವೇಶ ನಿಮಗೆ ಹೊಸದೇನಲ್ಲ. ಅಂಗಡಿಯಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡ್ತೀರಿ, ಪಿನ್ ಹಾಕ್ತೀರಿ, ಪರದೆ ಮೇಲೆ ಚಕ್ರ ತಿರುಗೋಕೆ ಶುರುವಾಗುತ್ತೆ. ಹತ್ತು ಸೆಕೆಂಡ್, ಇಪ್ಪತ್ತು ಸೆಕೆಂಡ್. ಅಷ್ಟರಲ್ಲಿ ಬ್ಯಾಂಕಿನಿಂದ ಮೆಸೇಜ್ ಬರುತ್ತೆ: 140 ರೂಪಾಯಿ ಕಡಿತವಾಗಿದೆ. ಆದ್ರೆ ಅಂಗಡಿಯ ಸ್ಪೀಕರ್ ಬಾಕ್ಸ್ ಮಾತಾಡಲ್ಲ. ಅವರು ನಿಮ್ಮ ಮುಖ ನೋಡ್ತಾರೆ, ನೀವು ಅವರ ಮುಖ ನೋಡ್ತೀರಿ.

ವಿಚಿತ್ರ ಏನಂದ್ರೆ, ಇಲ್ಲಿ ಯಾರೂ ಸುಳ್ಳು ಹೇಳ್ತಿಲ್ಲ. ನಿಮ್ಮ ದುಡ್ಡು ಹೋಗಿರೋದು ನಿಜ, ಅವರಿಗೆ ಬಂದಿಲ್ಲದಿರೋದೂ ನಿಜ. ಎರಡೂ ನಿಜವಾಗೋಕೆ ಹೇಗೆ ಸಾಧ್ಯ ಅನ್ನೋದನ್ನ ಅರ್ಥ ಮಾಡ್ಕೋಬೇಕು ಅಂದ್ರೆ, ನಿಮ್ಮ ಕೈಲಿರೋ ಆ್ಯಪ್ ಒಂದೇ ಒಂದು ವಸ್ತು ಅನ್ನೋ ಕಲ್ಪನೆ ಬಿಡಬೇಕು. ಅದು ಪದರ ಪದರವಾಗಿ ಇರೋದು. ಕಂಪ್ಯೂಟರ್‌ನವರ ಭಾಷೆಯಲ್ಲಿ ಇದಕ್ಕೆ ಮಲ್ಟಿ ಟಿಯರ್ ಅಪ್ಲಿಕೇಶನ್ ಅಂತಾರೆ. ಇವತ್ತಿನ ಸಂಚಿಕೆ ಅದರ ಬಗ್ಗೆ.

ನನ್ನನ್ನ ಕೇಳ್ತಾ ಬಂದಿರೋರಿಗೆ ಗೊತ್ತು, ನಾನು ಓದಿದ್ದು ಬಿ.ಕಾಂ. ಡೆಬಿಟ್, ಕ್ರೆಡಿಟ್, ಟ್ಯಾಲಿ, ಅಷ್ಟೇ. ಕೋಡಿಂಗ್ ಕಲಿಯೋಕೆ ಕೂತಿದ್ದಕ್ಕೆ ಕಾರಣ ನಮ್ಮ ಬೀದಿಯ ಒಂದು ಮಹಿಳಾ ಸ್ವಸಹಾಯ ಸಂಘ. ಹದಿನೆಂಟು ಜನ, ವಾರಕ್ಕೆ ತಲಾ 100 ರೂಪಾಯಿ ಉಳಿತಾಯ. 52 ವಾರಕ್ಕೆ ಲೆಕ್ಕ ಹಾಕಿದ್ರೆ ವರ್ಷಕ್ಕೆ 93,600 ರೂಪಾಯಿ. ಅದರಲ್ಲೇ ಒಬ್ಬರಿಗೊಬ್ಬರು ಸಾಲ, ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ. ಲೆಕ್ಕವೆಲ್ಲ ಒಂದು ಉದ್ದನೆಯ ನೋಟ್‌ಬುಕ್‌ನಲ್ಲಿ. ‘ಇದನ್ನ ಮೊಬೈಲಲ್ಲಿ ಮಾಡ್ಕೊಡೋಕಾಗುತ್ತಾ?’ ಅಂತ ಕೇಳಿದ್ರು. ದೊಡ್ಡ ಕಂಪನಿಗೆ 93,600 ಏನೂ ಅಲ್ಲ. ಆ ಹದಿನೆಂಟು ಮನೆಗಳಿಗೆ ಅದು ಶಾಲೆ ಫೀಸು, ಹೆರಿಗೆ ಖರ್ಚು, ಹೊಲಿಗೆ ಮಷೀನು. ಹಾಗಾಗಿ ‘ಆಡ್ತಾ ಆಡ್ತಾ ಕಲಿಯೋಣ’ ಅನ್ನೋ ಮಾತು ಇಲ್ಲಿ ನಡೆಯಲ್ಲ. ಈ ಸಂಘದ ಲೆಕ್ಕವನ್ನೇ ಉದಾಹರಣೆಯಾಗಿ ಇಟ್ಕೊಂಡು ಹೇಳ್ತಾ ಹೋಗ್ತೀನಿ.

ಒಂದೇ ಪದರ, ಎರಡು ಪದರ

ಎಲ್ಲರಿಗೂ ಮೊದಲು ಹೊಳೆಯೋದು ಎಕ್ಸೆಲ್ ಶೀಟ್. ನೋಡೋ ಪರದೆ, ಲೆಕ್ಕ ಮಾಡೋ ಸೂತ್ರ, ಕೂಡಿಟ್ಟ ಮಾಹಿತಿ ಮೂರೂ ಒಂದೇ ಫೈಲಿನಲ್ಲಿ. ಇದು ಒಂದೇ ಪದರದ ಅಪ್ಲಿಕೇಶನ್. ಒಬ್ಬರೇ ಬಳಸೋವರೆಗೆ ಬಹಳ ಚೆನ್ನಾಗಿರುತ್ತೆ. ಅದೇ ಫೈಲ್ ವಾಟ್ಸ್ಆ್ಯಪ್‌ನಲ್ಲಿ ಓಡಾಡೋಕೆ ಶುರುವಾದ ದಿನ ‘ಫೈನಲ್’, ‘ಫೈನಲ್ 2’, ‘ಹೊಸ ಫೈನಲ್’ ಅಂತ ಮೂರು ಹುಟ್ಕೊಳ್ತವೆ. ಯಾವುದು ನಿಜವಾದ ಪುಸ್ತಕ ಅಂತ ಹೇಳೋಕೆ ಯಾರಿಗೂ ಅಧಿಕಾರ ಇರಲ್ಲ.

ಸರಿ, ಮಾಹಿತಿ ಒಂದೇ ಕಡೆ ಇರಲಿ ಅಂತ ಒಂದು ಡೇಟಾಬೇಸ್ ಇಟ್ಟು, ಎಲ್ಲರ ಫೋನೂ ನೇರವಾಗಿ ಅದಕ್ಕೇ ಮಾತಾಡೋ ಹಾಗೆ ಮಾಡಿದ್ರೆ? ಇದು ಎರಡು ಪದರ. 1990ರ ದಶಕದ ಆಫೀಸುಗಳಲ್ಲಿ ಇದೇ ಚಾಲ್ತಿಯಲ್ಲಿತ್ತು, ಕ್ಲೈಂಟ್ ಸರ್ವರ್ ಅಂತ ಕರೀತಿದ್ರು. ಆಫೀಸಿನ ನಾಲ್ಕು ಗೋಡೆಯೊಳಗೆ, ಗುರುತಿರೋ ಹತ್ತು ಕಂಪ್ಯೂಟರ್‌ಗಳಿಗೆ ಅದು ಸಾಕಾಗ್ತಿತ್ತು. ಆದ್ರೆ ಬಡ್ಡಿ ಲೆಕ್ಕ ಬದಲಾದ್ರೆ ಹತ್ತೂ ಕಂಪ್ಯೂಟರ್‌ಗಳಿಗೆ ಹೋಗಿ ಹೊಸ ಪ್ರೋಗ್ರಾಂ ಹಾಕಬೇಕಿತ್ತು.

ಫೋನಿನ ಕಾಲಕ್ಕೆ ಈ ವ್ಯವಸ್ಥೆ ಬರೀ ಅನಾನುಕೂಲ ಅಲ್ಲ, ಅಪಾಯ. ಯಾಕಂದ್ರೆ ಡೇಟಾಬೇಸಿನ ಪಾಸ್‌ವರ್ಡ್ ಆ್ಯಪ್‌ನ ಒಳಗೇ ಇರಬೇಕಾಗುತ್ತೆ. ಆಂಡ್ರಾಯ್ಡ್ ಆ್ಯಪ್‌ನ ಎಪಿಕೆ ಫೈಲ್ ಅಂದ್ರೆ ಒಂದು ಜಿಪ್ ಫೈಲ್ ಇದ್ದ ಹಾಗೆ. ಅದನ್ನ ಬಿಚ್ಚಿ ಒಳಗೆ ಏನಿದೆ ಅಂತ ನೋಡೋ ಉಪಕರಣಗಳು ಉಚಿತವಾಗೇ ಸಿಗ್ತವೆ. ಖಜಾನೆಯ ಬೀಗದ ಕೈಯನ್ನ ಹದಿನೆಂಟು ಜನಕ್ಕೂ ಹಂಚಿ, ‘ಯಾರೂ ತೆಗೀಬೇಡಿ’ ಅಂದ ಹಾಗೆ ಇದು.

ಕೌಂಟರ್, ಪಾಸಿಂಗ್ ಆಫೀಸರ್, ಲೆಡ್ಜರ್

ಮೂರನೇ ಪದರ ಬರೋದು ಇಲ್ಲಿ, ಅದೂ ನಡುವಿನಲ್ಲಿ. ಕಾಮರ್ಸ್ ಓದಿದವರಿಗೆ ಇದು ತಟ್ಟಂತ ಅರ್ಥ ಆಗುತ್ತೆ. ಹಳೇ ಕಾಲದ ಬ್ಯಾಂಕ್ ಶಾಖೆ ನೆನಪಿಸ್ಕೊಳ್ಳಿ. ಕೌಂಟರ್‌ನಲ್ಲಿ ಗುಮಾಸ್ತರು ನಿಮ್ಮ ಚೀಟಿ ತಗೊಳ್ತಾರೆ. ಒಳಗೆ ಒಬ್ಬ ಪಾಸಿಂಗ್ ಆಫೀಸರ್ ಸಹಿ ಸರಿ ಇದೆಯಾ, ಬ್ಯಾಲೆನ್ಸ್ ಇದೆಯಾ, ನಿಯಮಕ್ಕೆ ಹೊಂದುತ್ತಾ ಅಂತ ನೋಡಿ ಪಾಸ್ ಮಾಡ್ತಾರೆ. ಅದಾದ ಮೇಲೇ ಲೆಡ್ಜರ್‌ನಲ್ಲಿ ಬರೆಯೋದು. ಕೌಂಟರ್‌ನವರು ಲೆಡ್ಜರ್ ಮುಟ್ಟಲ್ಲ, ಲೆಡ್ಜರ್ ತಾನಾಗೇ ನಿರ್ಧಾರ ಮಾಡಲ್ಲ.

ಆ್ಯಪ್‌ನಲ್ಲೂ ಅಷ್ಟೇ. ನಿಮ್ಮ ಫೋನಿನ ಪರದೆ ಕೌಂಟರ್. ಎಲ್ಲೋ ಒಂದು ಸರ್ವರ್‌ನಲ್ಲಿ ಓಡ್ತಿರೋ ಪ್ರೋಗ್ರಾಂ ಪಾಸಿಂಗ್ ಆಫೀಸರ್. ಡೇಟಾಬೇಸ್ ಲೆಡ್ಜರ್. ಇಲ್ಲಿ ಲೇಯರ್ ಮತ್ತು ಟಿಯರ್ ಅನ್ನೋ ಎರಡು ಪದಗಳನ್ನ ಪುಸ್ತಕಗಳು ಬೇರೆ ಬೇರೆಯಾಗಿ ಬಳಸ್ತವೆ. ಕೋಡನ್ನ ಬೇರೆ ಬೇರೆ ಭಾಗಗಳಾಗಿ ಬರೆದ್ರೆ ಅದು ಲೇಯರ್, ಆ ಭಾಗಗಳು ಬೇರೆ ಬೇರೆ ಮಷೀನ್‌ಗಳಲ್ಲಿ ಓಡಿದ್ರೆ ಟಿಯರ್. ಇಂಟರ್‌ವ್ಯೂನಲ್ಲಿ ಕೇಳ್ತಾರೆ, ಅದಕ್ಕೆ ಹೇಳಿದೆ. ನಾನು ಎರಡಕ್ಕೂ ಪದರ ಅಂತಲೇ ಅಂತೀನಿ.

ಆದ್ರೆ ಈ ಬ್ಯಾಂಕ್ ಹೋಲಿಕೆ ಒಂದು ಕಡೆ ಮುರಿದು ಬೀಳುತ್ತೆ. ಶಾಖೆಯಲ್ಲಿ ಪಾಸಿಂಗ್ ಆಫೀಸರ್‌ಗೆ ಕೌಂಟರ್‌ನವರು ಯಾರು ಅಂತ ಗೊತ್ತು, ನಂಬಿಕೆ ಇದೆ. ಇಂಟರ್‌ನೆಟ್‌ನಲ್ಲಿ ಹಾಗಿಲ್ಲ. ಬಂದ ಕೋರಿಕೆ ನಿಮ್ಮ ಆ್ಯಪ್‌ನಿಂದಲೇ ಬಂದಿದೆ ಅನ್ನೋಕೆ ಯಾವ ಗ್ಯಾರಂಟಿಯೂ ಇಲ್ಲ.

ವೆಬ್ ಸರ್ವಿಸ್ ಅಂದ್ರೆ ಮಾತಾಡೋ ಕಿಟಕಿ

ಕೌಂಟರ್‌ಗೂ ಆಫೀಸರ್‌ಗೂ ನಡುವೆ ಒಂದು ಕಿಟಕಿ ಇದೆಯಲ್ಲ, ಅದು ವೆಬ್ ಸರ್ವಿಸ್. ನಿರ್ದಿಷ್ಟ ವಿಳಾಸಕ್ಕೆ, ನಿರ್ದಿಷ್ಟ ರೂಪದಲ್ಲಿ ಕೋರಿಕೆ ಕಳಿಸಿದ್ರೆ ನಿರ್ದಿಷ್ಟ ರೂಪದಲ್ಲೇ ಉತ್ತರ ಬರುತ್ತೆ. ಕೇಳ್ತಿರೋದು ಆಂಡ್ರಾಯ್ಡ್ ಫೋನಾ, ಲ್ಯಾಪ್‌ಟಾಪಾ, ಇನ್ನೊಂದು ಕಂಪನಿಯ ಸರ್ವರಾ ಅನ್ನೋದು ಮುಖ್ಯ ಅಲ್ಲ. ಮಾತಾಡೋ ಶಿಷ್ಟಾಚಾರ ಒಂದೇ ಆಗಿದ್ರೆ ಸಾಕು.

ಎರಡು ಸಾವಿರದ ದಶಕದ ಶುರುವಿನಲ್ಲಿ ಈ ಮಾತುಕತೆ ಹೆಚ್ಚಾಗಿ ಸೋಪ್ ಅನ್ನೋ ಪದ್ಧತಿಯಲ್ಲಿ ನಡೀತಿತ್ತು. ಎಕ್ಸ್‌ಎಂಎಲ್‌ನಲ್ಲಿ ಬರೆದ, ಸರ್ಕಾರಿ ಅರ್ಜಿಯಷ್ಟು ಉದ್ದದ ಸಂದೇಶಗಳು. 2000ನೇ ಇಸವಿಯಲ್ಲಿ ರಾಯ್ ಫೀಲ್ಡಿಂಗ್ ಅನ್ನೋರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್ಸಿಗೆ ಕೊಟ್ಟ ಪಿಎಚ್‌ಡಿ ಪ್ರಬಂಧದಲ್ಲಿ ರೆಸ್ಟ್ ಅನ್ನೋ ಶೈಲಿಯನ್ನ ವಿವರಿಸಿದ್ರು. ವೆಬ್ ಈಗಾಗಲೇ ಹೇಗೆ ಕೆಲಸ ಮಾಡ್ತಿದೆಯೋ ಆ ದಾರಿಯನ್ನೇ ಬಳಸಿ ಅನ್ನೋದು ಅದರ ತಿರುಳು. ಈಗ ಹೊಸದಾಗಿ ಕಲಿಯೋರು ಬಹುತೇಕ ರೆಸ್ಟ್ ಮತ್ತು ಜೇಸನ್ ಅನ್ನೋ ಹಗುರವಾದ ಬರವಣಿಗೆಯಿಂದಲೇ ಶುರು ಮಾಡ್ತಾರೆ. ಹಾಗಂತ ಎಕ್ಸ್‌ಎಂಎಲ್ ಸತ್ತಿಲ್ಲ. ಯುಪಿಐಗೆ ಎನ್‌ಪಿಸಿಐ ರೂಪಿಸಿದ ತಾಂತ್ರಿಕ ವಿವರಣೆಯಲ್ಲಿ ಬ್ಯಾಂಕ್‌ಗಳ ನಡುವಿನ ಸಂದೇಶಗಳು ಎಕ್ಸ್‌ಎಂಎಲ್‌ನಲ್ಲೇ ಇವೆ. ನೀವು ಟೀ ಕುಡಿದು ಕೊಟ್ಟ ಹದಿನೈದು ರೂಪಾಯಿ ಆ ಹಳೇ ಭಾಷೆಯಲ್ಲೇ ಪ್ರಯಾಣ ಮಾಡುತ್ತೆ.

ಉತ್ತರದ ಜೊತೆ ಒಂದು ಸಂಖ್ಯೆ ಬರುತ್ತೆ. 200 ಅಂದ್ರೆ ಸರಿ ಆಯ್ತು. 401 ಅಂದ್ರೆ ನೀನ್ಯಾರು ಅಂತ ಮೊದಲು ಹೇಳು. 403 ಅಂದ್ರೆ ನೀನ್ಯಾರು ಅಂತ ಗೊತ್ತು, ಆದ್ರೆ ಇದು ನಿನಗಲ್ಲ. 404 ನಿಮಗೆ ಗೊತ್ತೇ ಇದೆ, ಮೀಮ್‌ಗಳಲ್ಲಿ ನೋಡಿರ್ತೀರಿ. 500 ಅಂದ್ರೆ ತಪ್ಪು ನಿನ್ನದಲ್ಲ, ನಮ್ಮದು. 504 ಅಂದ್ರೆ ನಾನು ಹಿಂದಿನವರನ್ನ ಕೇಳಿದೆ, ಅವರು ಸಮಯಕ್ಕೆ ಉತ್ತರ ಕೊಡಲಿಲ್ಲ. ಈ ಕೊನೆಯದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಈ ಸಂಚಿಕೆಯ ಮುಖ್ಯ ವಿಷಯ. ಸಂಘದ ಒಬ್ಬ ಸದಸ್ಯೆ ಆ್ಯಪ್‌ನಲ್ಲಿ ಸಾಲ ಕೇಳ್ತಾರೆ ಅನ್ನಿ. ಫೋನಿನಿಂದ ಹೋಗೋ ಸಂದೇಶದಲ್ಲಿ ಏನಿರಬೇಕು? ಯೂಟ್ಯೂಬ್‌ನ ಎಷ್ಟೋ ಟ್ಯುಟೋರಿಯಲ್‌ಗಳು ಹೀಗೆ ತೋರಿಸ್ತವೆ: ಸದಸ್ಯೆ ಸಂಖ್ಯೆ 7, ಸಾಲ 5000, ಬಡ್ಡಿ 1, ಒಪ್ಪಿಗೆ ಆಗಿದೆ. ಪರದೆಯಲ್ಲಿ ಬಡ್ಡಿ ಬದಲಾಯಿಸೋಕೆ ಜಾಗವೇ ಕೊಟ್ಟಿಲ್ಲವಲ್ಲ, ಯಾರು ಬದಲಾಯಿಸ್ತಾರೆ ಅಂತ ಧೈರ್ಯ.

ಆದ್ರೆ ಆ ಕಿಟಕಿಗೆ ಸಂದೇಶ ಕಳಿಸೋಕೆ ನಿಮ್ಮ ಪರದೆ ಬೇಕಾಗೇ ಇಲ್ಲ. ಪೋಸ್ಟ್‌ಮನ್, ಕರ್ಲ್ ತರಹದ ಉಪಕರಣಗಳಿಂದ ಯಾರು ಬೇಕಾದ್ರೂ ಕೈಯಾರೆ ಸಂದೇಶ ಬರೆದು ಕಳಿಸಬಹುದು. ಬಡ್ಡಿ 1ರ ಜಾಗದಲ್ಲಿ 0 ಹಾಕಬಹುದು. 7ರ ಜಾಗದಲ್ಲಿ 8 ಹಾಕಿ ಪಕ್ಕದ ಮನೆಯವರ ಲೆಕ್ಕ ನೋಡಬಹುದು. ಈ ಎರಡನೆಯದು, ಅಂದ್ರೆ ಬರೀ ಸಂಖ್ಯೆ ಬದಲಾಯಿಸಿ ಇನ್ನೊಬ್ಬರ ಮಾಹಿತಿ ಎತ್ತೋದು, ಜಗತ್ತಿನಾದ್ಯಂತ ವೆಬ್ ಸರ್ವಿಸ್‌ಗಳಲ್ಲಿ ಪದೇ ಪದೇ ಸಿಗೋ ದೋಷ. ಅದಕ್ಕೆ ಹ್ಯಾಕರ್ ಬುದ್ಧಿಯೂ ಬೇಡ, ಒಂದು ಕೂಡಿಸೋಕೆ ಬಂದ್ರೆ ಸಾಕು.

ಹಾಗಾಗಿ ಫೋನ್ ಕಳಿಸಬೇಕಾದ್ದು ಎರಡೇ: ನಾನು ಲಾಗಿನ್ ಆಗಿದ್ದೀನಿ ಅನ್ನೋ ಟೋಕನ್, ಮತ್ತು ನನಗೆ 5000 ಬೇಕು ಅನ್ನೋ ಬೇಡಿಕೆ. ಸದಸ್ಯೆ ಯಾರು ಅನ್ನೋದನ್ನ ಟೋಕನ್ ನೋಡಿ ನಡುವಿನ ಪದರವೇ ಕಂಡ್ಕೊಳ್ಳಬೇಕು. ಬಡ್ಡಿ ಎಷ್ಟು ಅನ್ನೋದು ಅಲ್ಲೇ ಬರೆದಿರಬೇಕು. ಸಂಘದ ನಿಯಮ ಇದೆ, ಉಳಿತಾಯದ ಮೂರು ಪಟ್ಟಿಗಿಂತ ಹೆಚ್ಚು ಸಾಲ ಇಲ್ಲ ಅಂತ. 6,000 ಉಳಿಸಿದವರಿಗೆ 18,000ವೇ ಮಿತಿ. ಆ ಲೆಕ್ಕವನ್ನ ಮಾಡೋ ಜಾಗವೂ ನಡುವಿನ ಪದರವೇ. ಪರದೆಯಲ್ಲೂ ಅದನ್ನ ತೋರಿಸಬಹುದು, ‘ನಿಮಗೆ ಇಷ್ಟೇ ಸಿಗುತ್ತೆ’ ಅಂತ. ಅದು ಬಳಸೋರ ಅನುಕೂಲಕ್ಕೆ ಮಾತ್ರ. ರಕ್ಷಣೆಗೆ ಅಲ್ಲ.

ಲೆಡ್ಜರ್ ಮುಟ್ಟೋ ಕೈ

ನಡುವಿನ ಪದರ ಒಪ್ಪಿದ ಮೇಲೆ ಡೇಟಾಬೇಸ್‌ಗೆ ಬರೀಬೇಕಲ್ಲ, ಆ ಕೆಲಸಕ್ಕೆ ಪ್ರತ್ಯೇಕ ಕೋಡ್ ಇಟ್ಕೊಳ್ತಾರೆ. ಡೇಟಾ ಆಕ್ಸೆಸ್ ಅಂತ ಹೆಸರು. ನಿಯಮ ನೋಡೋರು ಬೇರೆ, ಬರೆಯೋರು ಬೇರೆ. ಯಾಕೆ ಈ ಮಡಿ? ನಾಳೆ ಒಂದು ಡೇಟಾಬೇಸ್ ಬಿಟ್ಟು ಇನ್ನೊಂದಕ್ಕೆ ಹೋದ್ರೆ ಬದಲಾಯಿಸಬೇಕಾದ ಜಾಗ ಒಂದೇ ಇರಲಿ ಅಂತ ಪುಸ್ತಕ ಹೇಳುತ್ತೆ. ನನ್ನ ಪ್ರಕಾರ ಅದಕ್ಕಿಂತ ದೊಡ್ಡ ಲಾಭ ಬೇರೆ. ಏನಾದ್ರೂ ಎಡವಟ್ಟಾದಾಗ ಹುಡುಕಬೇಕಾದ ಜಾಗ ಒಂದೇ ಇರುತ್ತೆ.

ಮಾಹಿತಿಯನ್ನ ಸಾಲು ಮತ್ತು ಕಾಲಂಗಳ ಕೋಷ್ಟಕಗಳಾಗಿ ಇಡೋ ಆಲೋಚನೆ ಐಬಿಎಂನಲ್ಲಿದ್ದ ಎಡ್ಗರ್ ಕಾಡ್ ಅವರದು, 1970ರ ಪ್ರಬಂಧ. ಆ ಕೋಷ್ಟಕಗಳನ್ನ ಕೇಳೋ ಭಾಷೆ ಎಸ್‌ಕ್ಯೂಎಲ್. ಅರ್ಧ ಶತಮಾನ ದಾಟಿದ್ರೂ ಎರಡೂ ಗಟ್ಟಿಯಾಗಿ ನಿಂತಿವೆ. ಕಲಿಯೋಕೆ ಹೊರಟವರಿಗೆ ಇದು ಒಳ್ಳೇ ಸುದ್ದಿ. ವರ್ಷಕ್ಕೊಂದು ಫ್ರೇಮ್‌ವರ್ಕ್ ಬಂದು ಹೋಗೋ ಕ್ಷೇತ್ರದಲ್ಲಿ ಹಳೆಯದಾಗದ ವಿದ್ಯೆ ಅಪರೂಪ.

ಈಗ ಮಂಗಳೂರಿನ ಕಡೆಯವರು ಸ್ವಲ್ಪ ಗಮನ ಕೊಡಿ. ಡಿಸೋಜ ಅನ್ನೋ ಹೆಸರನ್ನ ಇಂಗ್ಲಿಷ್‌ನಲ್ಲಿ ಬರೆಯುವಾಗ ಡಿ ಆದ ಮೇಲೆ ಒಂದು ಸಣ್ಣ ಉದ್ಧರಣ ಚಿಹ್ನೆ ಬರುತ್ತೆ, ನೋಡಿರ್ತೀರಿ. ಎಸ್‌ಕ್ಯೂಎಲ್‌ನಲ್ಲಿ ಪಠ್ಯ ಎಲ್ಲಿ ಮುಗೀತು ಅಂತ ಹೇಳೋದೂ ಅದೇ ಚಿಹ್ನೆ. ಬಳಸೋರು ಟೈಪ್ ಮಾಡಿದ್ದನ್ನ ಹಾಗೇ ಎಸ್‌ಕ್ಯೂಎಲ್ ವಾಕ್ಯದೊಳಗೆ ಅಂಟಿಸಿದ್ರೆ, ಡಿಸೋಜ ಅವರ ಹೆಸರು ಡಿ ಅಕ್ಷರಕ್ಕೇ ಮುಗಿದುಹೋಗಿ, ಉಳಿದದ್ದನ್ನ ಡೇಟಾಬೇಸ್ ಆಜ್ಞೆ ಅಂತ ಓದೋಕೆ ಹೋಗುತ್ತೆ. ಆ್ಯಪ್ ಕೆಟ್ಟು ನಿಲ್ಲುತ್ತೆ. ಇದು ಮುಗ್ಧ ಪ್ರಕರಣ. ದುರುದ್ದೇಶ ಇರೋರು ಹೆಸರಿನ ಜಾಗದಲ್ಲಿ ಬೇಕಂತಲೇ ಆಜ್ಞೆ ಬರೀತಾರೆ. ಇದಕ್ಕೆ ಎಸ್‌ಕ್ಯೂಎಲ್ ಇಂಜೆಕ್ಷನ್ ಅಂತಾರೆ.

2015ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಟಾಕ್‌ಟಾಕ್ ಅನ್ನೋ ಟೆಲಿಕಾಂ ಕಂಪನಿಯ ಮೇಲೆ ಇದೇ ದಾರಿಯಲ್ಲಿ ದಾಳಿ ಆಯ್ತು. 1,56,000ಕ್ಕೂ ಹೆಚ್ಚು ಗ್ರಾಹಕರ ಮಾಹಿತಿ ಹೋಯ್ತು. ಮುಂದಿನ ವರ್ಷ ಅಲ್ಲಿನ ಮಾಹಿತಿ ಆಯುಕ್ತರ ಕಚೇರಿ ನಾಲ್ಕು ಲಕ್ಷ ಪೌಂಡ್ ದಂಡ ಹಾಕಿತು. ಒಳಗೆ ಬಿಟ್ಟ ಬಾಗಿಲು ಯಾವುದು ಗೊತ್ತಾ? ಇನ್ನೊಂದು ಕಂಪನಿಯನ್ನ ಕೊಂಡಾಗ ಜೊತೆಗೆ ಬಂದ ಹಳೇ ವೆಬ್ ಪುಟಗಳು. ಇದಕ್ಕೆ ಮದ್ದು ಆಗಲೂ ಗೊತ್ತಿತ್ತು, ಈಗಲೂ ಅದೇ: ಆಜ್ಞೆಯನ್ನ ಬೇರೆ, ಮಾಹಿತಿಯನ್ನ ಬೇರೆ ಕಳಿಸೋದು. ಪ್ಯಾರಾಮೀಟರ್ ಬಳಸೋದು ಅಂತಾರೆ. ಎಲ್ಲ ಭಾಷೆಗಳ ಡೇಟಾಬೇಸ್ ಲೈಬ್ರರಿಗಳಲ್ಲೂ ಇದೆ, ಒಂದೇ ಒಂದು ಸಾಲು ಹೆಚ್ಚು ಬರೀಬೇಕು. ನೀವು ನೋಡ್ತಿರೋ ಕೋರ್ಸ್‌ನಲ್ಲಿ ಹೆಸರನ್ನ ಪ್ಲಸ್ ಚಿಹ್ನೆ ಹಾಕಿ ವಾಕ್ಯಕ್ಕೆ ಸೇರಿಸ್ತಿದ್ರೆ, ಆ ವಿಡಿಯೊ ಅಲ್ಲೇ ಮುಚ್ಚಿ.

ಇನ್ನೊಂದು ವಿಷಯ, ನನ್ನಂಥ ಬಿ.ಕಾಂನವರಿಗೆ ಹೊಟ್ಟೆ ಉರಿಸೋದು. ಯಾವುದಾದ್ರೂ ಬ್ರೌಸರ್‌ನ ಕನ್ಸೋಲ್ ತೆಗೆದು 0.1 ಕೂಡಿಸು 0.2 ಅಂತ ಕೇಳಿ. 0.3 ಅನ್ನಲ್ಲ, 0.30000000000000004 ಅನ್ನುತ್ತೆ. ಕಂಪ್ಯೂಟರ್ ದಶಮಾಂಶವನ್ನ ಎರಡರ ಲೆಕ್ಕದಲ್ಲಿ ಇಡೋದ್ರಿಂದ ಬರೋ ಸಣ್ಣ ಚೂರು ಅದು. ಆಟಕ್ಕೆ, ಗ್ರಾಫಿಕ್ಸ್‌ಗೆ ನಡೆಯುತ್ತೆ, ದುಡ್ಡಿಗೆ ನಡೆಯಲ್ಲ. ದುಡ್ಡನ್ನ ಪೈಸೆಯಲ್ಲಿ, ಪೂರ್ಣಾಂಕವಾಗಿ ಇಡಿ. 33 ರೂಪಾಯಿ 50 ಪೈಸೆ ಅಂದ್ರೆ 3350. ಇಲ್ಲವೇ ಡೇಟಾಬೇಸ್‌ನ ಡೆಸಿಮಲ್ ಮಾದರಿ ಬಳಸಿ. ಆಗಲೂ ಒಂದು ಪ್ರಶ್ನೆ ಉಳಿಯುತ್ತೆ. 100 ರೂಪಾಯಿ ಲಾಭವನ್ನ ಮೂರು ಜನಕ್ಕೆ ಹಂಚಿದ್ರೆ ತಲಾ 33.33, ಒಟ್ಟು 99.99. ಆ ಒಂದು ಪೈಸೆ ಯಾರದು? ಇದು ಕೋಡ್ ಬರೆಯೋರು ತೀರ್ಮಾನಿಸೋ ವಿಷಯ ಅಲ್ಲ. ಸಂಘದ ಸಭೆಯಲ್ಲಿ ಕೇಳಿದೆ. ‘ಸಂಘದ ಡಬ್ಬಿಗೆ ಹಾಕಪ್ಪ’ ಅಂದ್ರು. ಅದು ನಿಯಮವಾಗಿ ನಡುವಿನ ಪದರಕ್ಕೆ ಹೋಯ್ತು.

ಎರಡೂ ಆಗಬೇಕು, ಇಲ್ಲಾಂದ್ರೆ ಎರಡೂ ಆಗಬಾರದು

ಸಾಲ ಕೊಡೋದು ಅಂದ್ರೆ ಎರಡು ಬರವಣಿಗೆ. ಸಂಘದ ನಗದು 5,000 ಕಡಿಮೆ ಆಗಬೇಕು, ಸದಸ್ಯೆಯ ಸಾಲದ ಖಾತೆಯಲ್ಲಿ 5,000 ಏರಬೇಕು. 1494ರಲ್ಲಿ ಲೂಕಾ ಪಚೋಲಿ ವೆನಿಸ್‌ನಲ್ಲಿ ಅಚ್ಚು ಹಾಕಿಸಿದ ಪುಸ್ತಕದಿಂದ ಹಿಡಿದು ನಮ್ಮ ಮೊದಲ ಸೆಮಿಸ್ಟರ್‌ವರೆಗೆ ಎಲ್ಲರೂ ಹೇಳಿದ್ದು ಇದನ್ನೇ, ಜೋಡಿ ನಮೂದು. ಮೊದಲನೆಯದು ಬರೆದು ಎರಡನೆಯದಕ್ಕೆ ಹೋಗೋ ಮುಂಚೆ ಕರೆಂಟ್ ಹೋದ್ರೆ? 5,000 ರೂಪಾಯಿ ಗಾಳಿಯಲ್ಲಿ.

ಇದಕ್ಕೆ ಉತ್ತರ ಟ್ರಾನ್ಸಾಕ್ಷನ್. ಎರಡೂ ಬರವಣಿಗೆಯನ್ನ ಒಂದು ಗಂಟಾಗಿ ಕಟ್ಟಿ ಡೇಟಾಬೇಸ್‌ಗೆ ಕೊಡ್ತೀವಿ. ಪೂರ್ತಿ ಆದ್ರೆ ಕಮಿಟ್, ನಡುವೆ ಏನಾದ್ರೂ ಆದ್ರೆ ರೋಲ್‌ಬ್ಯಾಕ್, ಅಂದ್ರೆ ಏನೂ ಆಗಿಲ್ಲವೇನೋ ಅನ್ನೋ ಹಾಗೆ ಹಿಂದಿನ ಸ್ಥಿತಿಗೆ. ಈ ವಿದ್ಯೆಯನ್ನ ಗಟ್ಟಿಯಾಗಿ ಕಟ್ಟಿದವರಲ್ಲಿ ಜಿಮ್ ಗ್ರೇ ಮುಖ್ಯರು. 1998ರ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಬಂತು. 2007ರ ಜನವರಿಯಲ್ಲಿ ತಾಯಿಯ ಚಿತಾಭಸ್ಮವನ್ನ ಸಮುದ್ರಕ್ಕೆ ಬಿಡೋಕೆ ಸ್ಯಾನ್ ಫ್ರಾನ್ಸಿಸ್ಕೋದಿಂದ ಒಬ್ಬರೇ ಹಾಯಿದೋಣಿಯಲ್ಲಿ ಹೊರಟರು, ವಾಪಸ್ ಬರಲಿಲ್ಲ. ಸಾವಿರಾರು ಜನ ಉಪಗ್ರಹ ಚಿತ್ರಗಳನ್ನ ಚೌಕ ಚೌಕವಾಗಿ ನೋಡಿ ಹುಡುಕಿದ್ರು, ದೋಣಿ ಸಿಗಲಿಲ್ಲ. ಎಟಿಎಂನಿಂದ ದುಡ್ಡು ತೆಗೆದಾಗಲೆಲ್ಲ ಅವರ ಕೆಲಸದ ಒಂದು ಭಾಗ ನಮ್ಮ ಹಿಂದೆ ನಡೀತಿರುತ್ತೆ.

ಟ್ರಾನ್ಸಾಕ್ಷನ್‌ಗೆ ಇನ್ನೊಂದು ಕೆಲಸ ಇದೆ. ಸಂಘಕ್ಕೆ ಇಬ್ಬರು ಪ್ರತಿನಿಧಿಗಳು. ಡಬ್ಬಿಯಲ್ಲಿ 20,000 ಇದೆ. ಒಬ್ಬರು ಅವರ ಮನೆಯಿಂದ 15,000 ಸಾಲಕ್ಕೆ ಒಪ್ಪಿಗೆ ಒತ್ತುತ್ತಾರೆ, ಅದೇ ಕ್ಷಣ ಇನ್ನೊಬ್ಬರು 12,000ಕ್ಕೆ ಒತ್ತುತ್ತಾರೆ. ಇಬ್ಬರಿಗೂ ಪರದೆ 20,000 ಅಂತಲೇ ತೋರಿಸಿದೆ, ಇಬ್ಬರ ಲೆಕ್ಕವೂ ಸರಿ. ಒಟ್ಟು ಮಾತ್ರ 27,000. ನೋಟ್‌ಬುಕ್ ಇದ್ದಾಗ ಈ ತೊಂದರೆ ಇರಲಿಲ್ಲ, ಯಾಕಂದ್ರೆ ಪುಸ್ತಕ ಒಬ್ಬರ ಕೈಲಿದ್ರೆ ಇನ್ನೊಬ್ಬರು ಕಾಯಲೇಬೇಕಿತ್ತು. ಡೇಟಾಬೇಸ್‌ನಲ್ಲಿ ಆ ಕಾಯುವಿಕೆಯನ್ನ ನಾವೇ ಕೇಳಿ ತಗೋಬೇಕು: ನಾನು ಓದ್ತಿರೋ ಈ ಸಾಲನ್ನ ನಾನು ಮುಗಿಸೋವರೆಗೆ ಇನ್ಯಾರಿಗೂ ಬದಲಾಯಿಸೋಕೆ ಬಿಡಬೇಡ ಅಂತ. ಲಾಕ್ ಅಂತಾರೆ. ಒಬ್ಬರೇ ಕೂತು ಟೆಸ್ಟ್ ಮಾಡಿದ್ರೆ ಈ ದೋಷ ಯಾವತ್ತೂ ಕಾಣಲ್ಲ. ಎರಡು ಫೋನ್ ಇಟ್ಕೊಂಡು ಒಟ್ಟಿಗೆ ಒತ್ತಬೇಕು.

ಮೌನದ ಸಮಸ್ಯೆ

ಇಷ್ಟೆಲ್ಲ ಸರಿ ಮಾಡಿದ್ರೂ ಒಂದು ಉಳಿಯುತ್ತೆ. ಶುರುವಿನಲ್ಲಿ ಹೇಳಿದ ಅಂಗಡಿಯ ಪ್ರಶ್ನೆ ಇರೋದು ಇಲ್ಲೇ.

ಫೋನ್ ಕೋರಿಕೆ ಕಳಿಸ್ತು, ಉತ್ತರ ಬರಲಿಲ್ಲ. ಏನಾಗಿರಬಹುದು? ಕೋರಿಕೆ ಮುಟ್ಟಲೇ ಇಲ್ಲ ಅನ್ನೋದು ಒಂದು ಸಾಧ್ಯತೆ. ಕೋರಿಕೆ ಮುಟ್ಟಿ, ಲೆಡ್ಜರ್‌ನಲ್ಲಿ ಬರೆದೂ ಆಗಿ, ಉತ್ತರ ವಾಪಸ್ ಬರೋ ದಾರಿಯಲ್ಲಿ ಕಳೆದುಹೋಯ್ತು ಅನ್ನೋದು ಇನ್ನೊಂದು. ಫೋನಿನ ಕಡೆಯಿಂದ ನೋಡಿದ್ರೆ ಎರಡೂ ಒಂದೇ ಥರ, ಬರೀ ಮೌನ. ಆ ಮೌನದಿಂದ ಆಗಿದೆಯೋ ಇಲ್ಲವೋ ಅಂತ ತಿಳಿಯೋಕೆ ಸಾಧ್ಯವೇ ಇಲ್ಲ. ಎಷ್ಟೇ ದುಬಾರಿ ಸರ್ವರ್ ಹಾಕಿದ್ರೂ ಇಲ್ಲ.

ಒಂದೇ ಡೇಟಾಬೇಸ್ ಇದ್ದಾಗ ಟ್ರಾನ್ಸಾಕ್ಷನ್ ನಮ್ಮನ್ನ ಕಾಪಾಡುತ್ತೆ. ಯುಪಿಐನಲ್ಲಿ ಲೆಡ್ಜರ್ ಒಂದಲ್ಲ. ನಿಮ್ಮ ಬ್ಯಾಂಕಿನದು ಒಂದು, ಅಂಗಡಿಯವರ ಬ್ಯಾಂಕಿನದು ಇನ್ನೊಂದು. ನಿಮ್ಮ ಆ್ಯಪ್‌ನಿಂದ ಕೋರಿಕೆ ಎನ್‌ಪಿಸಿಐಗೆ ಹೋಗುತ್ತೆ. ಅಲ್ಲಿಂದ ನಿಮ್ಮ ಬ್ಯಾಂಕಿಗೆ ‘ಕಡಿತ ಮಾಡಿ’ ಅಂತ ಸಂದೇಶ, ಅದು ಆದ ಮೇಲೆ ಅಂಗಡಿಯವರ ಬ್ಯಾಂಕಿಗೆ ‘ಜಮಾ ಮಾಡಿ’ ಅಂತ ಸಂದೇಶ. ಪ್ರತಿ ಹೆಜ್ಜೆಯೂ ಒಂದೊಂದು ವೆಬ್ ಸರ್ವಿಸ್ ಕಿಟಕಿ. ಕಡಿತ ಆಗಿ, ಜಮಾ ಕಿಟಕಿಯಿಂದ ಉತ್ತರ ಬರದೇ ಹೋದ್ರೆ? ಆ 504 ನೆನಪಿದೆಯಲ್ಲ. ನಿಮ್ಮ ಪರದೆಯ ‘ಪೆಂಡಿಂಗ್’ ಅನ್ನೋ ಪದ ಹುಟ್ಟೋದು ಅಲ್ಲೇ. ಎಲ್ಲರೂ ಬೈಯೋ ಆ ಪದವೇ ನನಗೆ ಆ ಪರದೆಯಲ್ಲಿ ಅತ್ಯಂತ ಪ್ರಾಮಾಣಿಕ ಅನ್ನಿಸುತ್ತೆ. ಆಗಿದೆ ಅಂತಲೂ ಹೇಳ್ತಿಲ್ಲ, ಆಗಿಲ್ಲ ಅಂತಲೂ ಹೇಳ್ತಿಲ್ಲ. ಗೊತ್ತಿಲ್ಲ, ವಿಚಾರಿಸ್ತಿದ್ದೀನಿ ಅಂತಿದೆ.

ಇದು ಬರೀ ತಾಂತ್ರಿಕ ವಿಷಯ ಅಲ್ಲ, ಇದಕ್ಕೆ ಕಾನೂನಿನ ಚೌಕಟ್ಟೂ ಇದೆ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರಂದು ಹೊರಡಿಸಿದ ಸುತ್ತೋಲೆ ಪ್ರಕಾರ, ಯುಪಿಐನಲ್ಲಿ ಒಬ್ಬರಿಂದ ಒಬ್ಬರಿಗೆ ಕಳಿಸಿದ ದುಡ್ಡು ಕಡಿತವಾಗಿ ಆ ಕಡೆ ಜಮಾ ಆಗದಿದ್ರೆ, ವ್ಯವಹಾರದ ಮರುದಿನದೊಳಗೆ ತಾನಾಗೇ ವಾಪಸ್ ಬರಬೇಕು. ಅಂಗಡಿಗೆ ಕೊಟ್ಟದ್ದಾಗಿ, ಅಂಗಡಿಗೆ ಖಾತ್ರಿ ಸಿಗದಿದ್ರೆ ಐದು ದಿನ ಅವಕಾಶ. ಗಡುವು ಮೀರಿದ್ರೆ ತಡವಾದ ಪ್ರತಿ ದಿನಕ್ಕೂ 100 ರೂಪಾಯಿ ಪರಿಹಾರ, ಅದನ್ನ ಗ್ರಾಹಕರು ದೂರು ಕೊಡೋವರೆಗೂ ಕಾಯದೆ ಖಾತೆಗೆ ಹಾಕಬೇಕು. ಬರದಿದ್ರೆ ಮೊದಲು ಆ್ಯಪ್‌ನಲ್ಲಿ, ಬ್ಯಾಂಕಿನಲ್ಲಿ ದೂರು ಹಾಕಿ, ದೂರಿನ ಸಂಖ್ಯೆ ಇಟ್ಕೊಳ್ಳಿ. 30 ದಿನದಲ್ಲಿ ಪರಿಹಾರ ಸಿಗದಿದ್ರೆ ಆರ್‌ಬಿಐ ಒಂಬುಡ್ಸ್‌ಮನ್ ಇದ್ದಾರೆ. ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಿ ಫೋನ್ ಮಾಡೋಕೆ ಮಾತ್ರ ಹೋಗಬೇಡಿ. ಮೋಸ ಮಾಡೋರು ಕಾಯ್ತಿರೋದು ಅಲ್ಲೇ.

ನಮ್ಮ ಸಂಘದ ಆ್ಯಪ್‌ಗೆ ವಾಪಸ್ ಬರೋಣ. ಚಕ್ರ ತಿರುಗ್ತಾ ಇದ್ರೆ ಮನುಷ್ಯರು ಏನು ಮಾಡ್ತಾರೆ? ಇನ್ನೊಮ್ಮೆ ಒತ್ತುತ್ತಾರೆ. 100 ರೂಪಾಯಿ ಉಳಿತಾಯ ಎರಡು ಸಲ ಬರೆದುಹೋಗುತ್ತೆ. ಇದಕ್ಕೆ ಪರಿಹಾರ ಕಾಮರ್ಸ್‌ನವರಿಗೆ ಹಳೇ ಪರಿಚಯ, ಚೆಕ್ ಸಂಖ್ಯೆ. ಒಂದೇ ಸಂಖ್ಯೆಯ ಚೆಕ್ ಎರಡು ಸಲ ಪಾಸಾಗಲ್ಲ. ಅದೇ ಥರ ಬಟನ್ ಮೊದಲ ಸಲ ಒತ್ತಿದಾಗಲೇ ಫೋನ್ ಒಂದು ವಿಶಿಷ್ಟ ಸಂಖ್ಯೆ ಹುಟ್ಟಿಸಿ ಕೋರಿಕೆ ಜೊತೆ ಕಳಿಸುತ್ತೆ. ಉತ್ತರ ಬರದಿದ್ರೆ ಅದೇ ಸಂಖ್ಯೆ ಹಾಕಿ ಮತ್ತೆ ಕಳಿಸುತ್ತೆ. ನಡುವಿನ ಪದರ ಆ ಸಂಖ್ಯೆ ಈಗಾಗಲೇ ಲೆಡ್ಜರ್‌ನಲ್ಲಿ ಇದೆಯಾ ಅಂತ ನೋಡುತ್ತೆ. ಇದ್ರೆ ಹೊಸದಾಗಿ ಬರೆಯಲ್ಲ, ಹಳೇ ರಸೀದಿಯನ್ನೇ ಮತ್ತೆ ಕೊಡುತ್ತೆ. ಹತ್ತು ಸಲ ಒತ್ತಿದ್ರೂ 100 ರೂಪಾಯಿ ಒಂದೇ ಸಲ. ಇದಕ್ಕೆ ಐಡೆಂಪೊಟೆನ್ಸಿ ಅಂತ ನಾಲಿಗೆ ತಿರುಗದ ಹೆಸರಿದೆ. ನಾನು ಚೆಕ್ ನಂಬರ್ ಅಂತಲೇ ಕರೀತೀನಿ.

ಕಲಿಯೋರಿಗೆ

ಎಲ್ಲಿಂದ ಶುರು ಮಾಡೋದು ಅಂತ ಪ್ರತಿ ಸಂಚಿಕೆ ಆದ ಮೇಲೂ ಕೇಳ್ತೀರಿ. ಹೆಚ್ಚಿನವರು ಲಾಗಿನ್ ಪರದೆಯಿಂದ ಶುರು ಮಾಡಿ, ಬಣ್ಣ ಆರಿಸೋದ್ರಲ್ಲೇ ಎರಡು ವಾರ ಕಳೀತಾರೆ. ಪರದೆ ಕೊನೆಗಿರಲಿ. ಮೊದಲು ಪೆನ್ನು, ಹಾಳೆ ತಗೊಂಡು ಕೋಷ್ಟಕಗಳನ್ನ ಬರೆಯಿರಿ: ಸದಸ್ಯರು, ಉಳಿತಾಯ, ಸಾಲ, ಮರುಪಾವತಿ. ಆಮೇಲೆ ಎಸ್‌ಕ್ಯೂಲೈಟ್ ಅನ್ನೋ ಪುಟ್ಟ ಉಚಿತ ಡೇಟಾಬೇಸ್‌ನಲ್ಲಿ ಅದನ್ನ ಕಟ್ಟಿ, ಒಂದಿಷ್ಟು ದಿನ ಬರೀ ಎಸ್‌ಕ್ಯೂಎಲ್‌ನಲ್ಲಿ ಪ್ರಶ್ನೆ ಕೇಳ್ತಾ ಇರಿ. ಪೋಸ್ಟ್‌ಗ್ರೆಸ್ ಆಮೇಲೆ. ನಡುವಿನ ಪದರಕ್ಕೆ ಪೈಥಾನ್, ಜಾವಾ, ಸಿ ಶಾರ್ಪ್ ಯಾವುದಾದ್ರೂ ಆಗುತ್ತೆ. ಇದರ ಬಗ್ಗೆ ಜಗಳ ಆಡೋರ ಗುಂಪಿಗೆ ಸೇರಬೇಡಿ. ಎರಡೇ ಎರಡು ಕಿಟಕಿ ಇಡಿ, ಒಂದು ಬ್ಯಾಲೆನ್ಸ್ ತೋರಿಸೋದು, ಒಂದು ಉಳಿತಾಯ ಬರೆಯೋದು. ಮೈಕ್ರೋ ಸರ್ವಿಸ್ ಅನ್ನೋ ಪದ ಕೇಳಿದ್ರೆ ಸದ್ಯಕ್ಕೆ ಕಿವಿ ಮುಚ್ಕೊಳ್ಳಿ. ಹದಿನೆಂಟು ಜನರ ಸಂಘಕ್ಕೆ ನಲವತ್ತು ಸರ್ವಿಸ್ ಬೇಡ.

ಡೇಟಾಬೇಸ್ ಕೆಲಸವನ್ನ ಸುಲಭ ಮಾಡೋ ಓಆರ್‌ಎಂ ಲೈಬ್ರರಿಗಳಿವೆ, ಬಳಸಿ. ಆದ್ರೆ ಅವು ಹಿಂದೆ ಬರೆಯೋ ಎಸ್‌ಕ್ಯೂಎಲ್ ಏನು ಅಂತ ಒಮ್ಮೆ ತೆಗೆದು ನೋಡಿ. ಸದಸ್ಯರ ಪಟ್ಟಿಗೆ ಒಂದು ಪ್ರಶ್ನೆ, ಆಮೇಲೆ ಪ್ರತಿಯೊಬ್ಬರ ಬ್ಯಾಲೆನ್ಸ್‌ಗೆ ಒಂದೊಂದು ಅಂತ ಹತ್ತೊಂಬತ್ತು ಪ್ರಶ್ನೆ ಕೇಳ್ತಿರಬಹುದು. ಒಂದರಲ್ಲೇ ಮುಗೀಬಹುದಾದ ಕೆಲಸ ಅದು. ಹದಿನೆಂಟು ಜನ ಇರುವಾಗ ಗೊತ್ತಾಗಲ್ಲ, ಹದಿನೆಂಟು ಸಾವಿರ ಆದಾಗ ಆ್ಯಪ್ ತೆವಳುತ್ತೆ.

ನಮ್ಮ ಸಂಘದ್ದು ಈಗ ಎಲ್ಲಿದೆ ಅಂದ್ರೆ, ನೋಟ್‌ಬುಕ್ ಇನ್ನೂ ಬಿಟ್ಟಿಲ್ಲ. ಪ್ರತಿ ವಾರ ಪುಸ್ತಕದ ಮೊತ್ತ ಮತ್ತು ಆ್ಯಪ್‌ನ ಮೊತ್ತ ಎರಡನ್ನೂ ಸಭೆಯಲ್ಲಿ ಜೋರಾಗಿ ಓದ್ತಾರೆ, ಹೊಂದಿದ್ರೆ ಇಬ್ಬರು ಪ್ರತಿನಿಧಿಗಳ ಸಹಿ. ಪುಸ್ತಕ ಯಾವಾಗ ನಿಲ್ಲಿಸಬೇಕು ಅನ್ನೋದು ಅವರ ತೀರ್ಮಾನ, ನನ್ನದಲ್ಲ.

ನೀವು ಏನಾದ್ರೂ ಕಟ್ಟಿದ್ರೆ ಒಂದು ಪರೀಕ್ಷೆ ಮಾಡಿ ನೋಡಿ. ಉಳಿತಾಯ ಸೇರಿಸೋ ಬಟನ್ ಒತ್ತಿ, ಚಕ್ರ ತಿರುಗೋಕೆ ಶುರುವಾದ ತಕ್ಷಣ ಫೋನನ್ನ ಫ್ಲೈಟ್ ಮೋಡ್‌ಗೆ ಹಾಕಿ. ಅರ್ಧ ನಿಮಿಷ ಬಿಟ್ಟು ತೆಗೆಯಿರಿ, ಮತ್ತೆ ಒತ್ತಿ. ಆಮೇಲೆ ಡೇಟಾಬೇಸ್ ತೆಗೆದು ಎಷ್ಟು ಸಾಲು ಇದೆ ಅಂತ ಎಣಿಸಿ. ಒಂದೇ ಇದ್ರೆ ನನಗೊಂದು ವಾಯ್ಸ್ ನೋಟ್ ಕಳಿಸಿ. ಎರಡಿದ್ರೆ ಚೆಕ್ ನಂಬರ್ ಭಾಗವನ್ನ ಇನ್ನೊಮ್ಮೆ ಕೇಳಿ.